ಎರಡು ಜೀವದವಳ ತಲೆನೋವು

ತಲೆನೋವಿನಷ್ಟು ಸುಲಭವಾಗಿ ಕಾರಣ ಹುಡುಕಿಕೊಳ್ಳಬಹುದಾದ ನೋವು ಇನ್ನೊಂದಿರಲಾರದು. ಬಿಸಿಲಿಗೆ ಬಂತೆನ್ನುತ್ತೇವೆ, ನಿದ್ದೆಗೆಟ್ಟದ್ದಕ್ಕೆ ಬಂತೆನ್ನುತ್ತೇವೆ, ಹೊತ್ತಿಗೆ ಸರಿಯಾಗಿ ಚಹಾ ಕುಡಿಯದ್ದಕ್ಕೂ ಬಂತೆನ್ನುತ್ತೇವೆ. ಬ್ಯಾಡಗಿಯಲ್ಲಿ ಇವೆಲ್ಲದರ ಜೊತೆಗೆ ಮೆಣಸಿನಕಾಯಿಯ ಘಾಟೂ ಇದೆ. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಗೆ ಚೀಲಗಳು ಬಂದು ಬಿದ್ದಾಗ ಊರಿನ ಗಾಳಿಯೇ ಖಾರವಾಗುತ್ತದೆ. ಆ ಗಾಳಿಯಲ್ಲಿ ದಿನವಿಡೀ ಕೂತು ಕಾಯಿಯ ತುಂಬು ಬಿಡಿಸುವ ಹೆಂಗಸರು ಸೀನು, ಕೆಮ್ಮು, ಕಣ್ಣುರಿ, ತಲೆಸಿಡಿತಗಳನ್ನು ಕೂಲಿಯ ಜೊತೆಗೇ ಮನೆಗೆ ಒಯ್ಯುತ್ತಾರೆ. ಅವರಲ್ಲೊಬ್ಬಳು ಬಸುರಿಯಾಗಿದ್ದರೆ ಅವಳ ತಲೆನೋವಿಗೆ ಕಾರಣ ಕೇಳುವ ಪ್ರಮೇಯವೇ ಬರುವುದಿಲ್ಲ, ಕಾರಣ ಎರಡೆರಡು ಸಿದ್ಧವಾಗಿರುತ್ತವೆ. "ಬಸುರಿ ಅಂದಮ್ಯಾಲೆ ಇವೆಲ್ಲಾ ಇರೂವನ ಬಿಡವಾ" ಎಂದು ಹಿರಿಯಳೊಬ್ಬಳು ಹೇಳುತ್ತಾಳೆ. ಆ ಮಾತಿನಲ್ಲಿ ಸುಳ್ಳಿಲ್ಲ. ಹತ್ತಾರು ಬಸುರು ಬಾಣಂತನ ಕಂಡ ಅನುಭವವಿದೆ, ಹೆದರಿದವಳ ಬೆನ್ನು ಸವರುವ ಅಕ್ಕರೆಯಿದೆ. ಆದರೆ ಅಕ್ಕರೆಯ ಮಾತೂ ಕೆಲವೊಮ್ಮೆ ಕೇಳಬೇಕಾದ ಪ್ರಶ್ನೆಯ ಬಾಯಿ ಮುಚ್ಚಿಸಿಬಿಡುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಬಸುರಿಯ ಮಿದುಳಿನಲ್ಲಿ ಗಡ್ಡೆ ಎಂಬುದು ಅಪರೂಪದ ಸಂಗತಿ. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಸಾವಿರಾರು ಹೆರಿಗೆ ಮಾಡಿಸಿದ ವೈದ್ಯೆಯೂ ಅಂಥದೊಂದನ್ನು ಕಾಣದೆಯೇ ನಿವೃತ್ತಳಾಗಬಹುದು. ಹಾಗಿದ್ದಮೇಲೆ ಅದರ ಬಗ್ಗೆ ಇಷ್ಟು ಯೋಚಿಸುವುದೇಕೆ, ಓದುವ ಬಸುರಿಯರನ್ನು ಸುಮ್ಮನೆ ಹೆದರಿಸುವುದೇಕೆ ಎಂದು ಕೇಳಬಹುದು. ಹೆದರಿಸುವುದು ನನ್ನ ಉದ್ದೇಶವಲ್ಲ. ನೂರಕ್ಕೆ ತೊಂಬತ್ತೊಂಬತ್ತು ತಲೆನೋವು ಬರೀ ತಲೆನೋವೇ. ಆದರೆ ಅಪರೂಪದ ಸಂಕಟವೊಂದು ಮನೆಯೊಳಗೆ ಬಂದಾಗ, ನಿತ್ಯದ ಬದುಕಿನಲ್ಲಿ ನಾವು ಆ ಹೆಣ್ಣುಮಗಳನ್ನು ಹೇಗೆ ನೋಡುತ್ತಿದ್ದೆವು, ಯಾವುದನ್ನು ಅವಳಿಗೆ ಹೇಳುತ್ತಿದ್ದೆವು, ಯಾವುದನ್ನು ಅವಳಿಂದ ಮುಚ್ಚಿಡುತ್ತಿದ್ದೆವು ಎಂಬುದೆಲ್ಲ ಒಮ್ಮೆಗೇ ಬೆಳಕಿಗೆ ಬರುತ್ತದೆ. ನನ್ನನ್ನು ಕಾಡುವುದು ಅದು.

ಬಸುರು ಗಡ್ಡೆಯನ್ನು ಹುಟ್ಟಿಸುವುದಿಲ್ಲ. ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಕೂತಿದ್ದದ್ದು ಬಸುರಿನಲ್ಲಿ ಮೊದಲ ಸಲ ಮಾತಾಡುತ್ತದೆ, ಅಷ್ಟೆ. ಮಿದುಳಿನ ಹೊರಪೊರೆಯಿಂದ ಬೆಳೆಯುವ ಮೆನಿಂಜಿಯೋಮ ಇದಕ್ಕೆ ಒಳ್ಳೆಯ ಉದಾಹರಣೆ. 1922ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಹೆಸರಿಟ್ಟ ಈ ಗಡ್ಡೆ ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಆದರೆ ಬಸುರನ್ನು ಕಾಪಾಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿಗೆ ಓಗೊಡುವ ಗುಣ ಇದರ ಕೋಶಗಳಲ್ಲಿ ಬಹಳಷ್ಟು ಸಲ ಇರುತ್ತದೆ. ಜೊತೆಗೆ ಆ ತಿಂಗಳುಗಳಲ್ಲಿ ಮೈಯ ರಕ್ತದ ಪ್ರಮಾಣವೇ ಶೇ. 40ರಿಂದ 50ರಷ್ಟು ಏರಿ, ಅಂಗಾಂಶಗಳು ನೀರು ಹಿಡಿಯುತ್ತವೆ. ಹೊಟ್ಟೆಗಾದರೆ ಹಿಗ್ಗಲು ಜಾಗವಿದೆ, ತಲೆಬುರುಡೆಗಿಲ್ಲ. ಗಡ್ಡೆ ತುಸು ಊದಿಕೊಂಡರೂ ಒಳಗಿನ ಒತ್ತಡ ಏರುತ್ತದೆ. ಬೆಳಗ್ಗೆ ಏಳುವಾಗಲೇ ಹೆಚ್ಚಾಗಿರುವ ತಲೆನೋವು, ಕೆಮ್ಮಿದರೆ ಬಗ್ಗಿದರೆ ಸಿಡಿಯುವ ನೋವು, ಮೂರು ನಾಲ್ಕು ತಿಂಗಳು ಕಳೆದರೂ ನಿಲ್ಲದ ವಾಂತಿ, ಮಂಜಾಗುವ ಕಣ್ಣು, ಒಂದು ಕೈಯ ಬಲಹೀನತೆ, ತೊದಲುವ ಮಾತು, ಕೊನೆಗೆ ಹಿಂದೆಂದೂ ಬಾರದಿದ್ದ ಫಿಟ್ಸ್. ಈ ಸಾಲಿನ ಮೊದಲರ್ಧವನ್ನು ಯಾವ ಬಸುರಿಯ ಮುಂದೆ ಓದಿದರೂ ಅವಳು ಹೌದೆಂದು ತಲೆಯಾಡಿಸಿಯಾಳು. ಅಡಗಲು ಇದಕ್ಕಿಂತ ಒಳ್ಳೆಯ ಜಾಗ ಕಾಯಿಲೆಗೆ ಎಲ್ಲಿ ಸಿಕ್ಕೀತು?

ಮನೆಯಲ್ಲಿ ಪಿತ್ತವೆನ್ನುತ್ತಾರೆ, ದೃಷ್ಟಿಯೆನ್ನುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಾಗ ಘಾಟು ಬರಲಿಲ್ಲವೆಂದರೆ ದೃಷ್ಟಿ ತಾಗಿದ್ದು ಖಾತ್ರಿ. ಅದೇ ಊರಿನ ಅದೇ ಕಾಯಿ ಮಾರುಕಟ್ಟೆಯಲ್ಲಿ ಘಾಟು ಬಂದದ್ದಕ್ಕೆ ತಲೆನೋವಿನ ಕಾರಣವಾಗಿ, ಒಲೆಯಲ್ಲಿ ಘಾಟು ಬಾರದ್ದಕ್ಕೂ ಕಾರಣ ಹೇಳುತ್ತದೆ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುವವರಿದ್ದಾರೆ. ಇದನ್ನೆಲ್ಲ ನೋಡಿ ಹಳ್ಳಿಯವರ ಅಜ್ಞಾನವೆಂದು ನಗುವುದು ಸುಲಭ, ಆದರೆ ಆಸ್ಪತ್ರೆಗೂ ತನ್ನದೇ ದೃಷ್ಟಿದೋಷವಿದೆ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ರಕ್ತದ ಅಂಶ ಬರೆದುಕೊಂಡು, ಎಲ್ಲವೂ ಸರಿಯಿದ್ದರೆ "ನಾರ್ಮಲ್ ಐತಿ" ಎಂದು ಕಳಿಸುತ್ತಾರೆ. ಬಸುರಿನ ಫಿಟ್ಸ್ ಎಂದೊಡನೆ ನೆನಪಾಗುವುದು ಬಿಪಿಯಿಂದ ಬರುವ ಎಕ್ಲಾಂಪ್ಸಿಯ, ಅದು ನ್ಯಾಯವೂ ಹೌದು, ಹೆಚ್ಚಿನವು ಅವೇ. ಅದು ಸಾಮಾನ್ಯವಾಗಿ 20 ವಾರ ತುಂಬಿದ ಮೇಲೆ, ಬಿಪಿ 140/90 ದಾಟಿ ಬರುವ ತೊಂದರೆ. ಆದರೆ ಬಿಪಿ ಸರಿಯಿದ್ದೂ ತಲೆ ಸಿಡಿಯುತ್ತಿದ್ದರೆ? ನಾಲ್ಕನೆಯ ತಿಂಗಳಲ್ಲೇ ಫಿಟ್ಸ್ ಬಂದರೆ? ಆಗ ಸರಿಯಾಗಿರುವ ಬಿಪಿ ಸಮಾಧಾನ ಕೊಡುವ ಅಂಕಿಯಲ್ಲ, ಬೇರೆ ಕಡೆ ಹುಡುಕಿ ಎಂದು ಹೇಳುವ ಅಂಕಿ. ಗಡ್ಡೆಯೇ ಆಗಬೇಕೆಂದೇನಿಲ್ಲ, ನಮ್ಮಲ್ಲಿ ಮಿದುಳಿನ ಕ್ಷಯದ ಗಂಟು, ಲಾಡಿಹುಳದ ಮರಿ ಮಾಡುವ ಗಂಟು, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಇವೂ ಇದೇ ವೇಷದಲ್ಲಿ ಬರುತ್ತವೆ. ಮನೆಯವರಿಗೆ ದೃಷ್ಟಿ ಹೇಗೋ, ನುರಿತವರಿಗೆ 'ಸಹಜ' ಎಂಬ ಮಾತೂ ಹಾಗೆಯೇ ಹುಡುಕಾಟವನ್ನು ನಿಲ್ಲಿಸಬಲ್ಲದು.

ಹುಡುಕಾಟಕ್ಕೆ ಹೊರಟರೆ ದಾರಿ ದೂರ. ಬ್ಯಾಡಗಿಯವಳು ಹಾವೇರಿಗೆ ಬರಬೇಕು. ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆಯಾದರೂ ಮಿದುಳಿನ ಶಸ್ತ್ರಚಿಕಿತ್ಸೆ ಎಂದೊಡನೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಕಡೆ ಮುಖ ಮಾಡುವುದೇ ರೂಢಿ. ರಾಣೆಬೆನ್ನೂರಿನವರು ತೆಂಕಣಕ್ಕೆ ತಿರುಗಿ ದಾವಣಗೆರೆಗೆ ಹೋಗುತ್ತಾರೆ. ಅಲ್ಲೂ ಆಗದಿದ್ದರೆ ಅದೇ ಹೆದ್ದಾರಿ, ಅದೇ ರೈಲು, 300 ಕಿಲೋಮೀಟರಿನಾಚೆಯ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿಗೆ ಮುಟ್ಟಿದ ಮೇಲೂ ತಲೆಯ ಆಸ್ಪತ್ರೆ ಒಂದು, ಹೆರಿಗೆಯ ಆಸ್ಪತ್ರೆ ಇನ್ನೊಂದು; ಒಂದೇ ದೇಹದ ಎರಡು ಸಂಗತಿಗಳಿಗೆ ಎರಡು ಚೀಟಿ, ಎರಡು ಸರತಿ. ಇಷ್ಟರ ನಡುವೆ ಎಂಆರ್‌ಐ ಯಂತ್ರದ ಮುಂದೆ ನಿಂತಾಗ "ಎರಡು ಜೀವದಾಕಿ, ಕೂಸಿಗೇನಾದ್ರೂ ಆದೀತು" ಎಂಬ ಅಂಜಿಕೆ. ಎಂಆರ್‌ಐ ಅಯಸ್ಕಾಂತದಿಂದ ನಡೆಯುವ ಪರೀಕ್ಷೆ, ಅದರಲ್ಲಿ ಎಕ್ಸ್‌ರೇಯಂಥ ವಿಕಿರಣವಿಲ್ಲ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದನ್ನು ಮಾತ್ರ ಬಸುರಿನಲ್ಲಿ ಸಾಧ್ಯವಾದಷ್ಟು ತಪ್ಪಿಸುತ್ತಾರೆ. ತುರ್ತಿನಲ್ಲಿ ತಲೆಯ ಸಿಟಿ ಸ್ಕ್ಯಾನ್ ಮಾಡಿದರೂ ಹೊಟ್ಟೆಯ ಕೂಸಿಗೆ ತಲಪುವ ವಿಕಿರಣ ಅತ್ಯಲ್ಪ. ಕೂಸಿಗಾಗಿ ತಾಯಿಯ ಪರೀಕ್ಷೆಯನ್ನು ಮುಂದೂಡುವುದರಿಂದ ಕೂಸಿಗೆ ಆಗುವ ಲಾಭ ಯಾವುದೆಂದು ಯಾರೂ ಕೂತು ಲೆಕ್ಕ ಹಾಕಿರುವುದಿಲ್ಲ.

ನಮ್ಮ ಸಿನಿಮಾಗಳು ನಮಗೊಂದು ದೃಶ್ಯವನ್ನು ಅದೆಷ್ಟು ಸಲ ತೋರಿಸಿವೆ: ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಹೊರಬಂದ ಡಾಕ್ಟರು, ಹಣೆಯ ಬೆವರು ಒರೆಸಿಕೊಳ್ಳುತ್ತ, ತಾಯಿ ಬೇಕೋ ಮಗು ಬೇಕೋ ಎಂದು ಗಂಡನನ್ನು ಕೇಳುತ್ತಾರೆ. ಈ ದೃಶ್ಯ ನಮ್ಮ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಬಸುರಿಗೆ ದೊಡ್ಡ ಕಾಯಿಲೆ ಎಂದೊಡನೆ ನಾವು ತಕ್ಕಡಿ ಹಿಡಿದು ನಿಂತುಬಿಡುತ್ತೇವೆ. ನಿಜವಾದ ವೈದ್ಯರ ಕೋಣೆಯಲ್ಲಿ ಮೊದಲು ಏಳುವ ಪ್ರಶ್ನೆ ಅದಲ್ಲ. ಎಷ್ಟು ವಾರ ತುಂಬಿದೆ, ಗಡ್ಡೆ ಎಲ್ಲಿದೆ, ಎಷ್ಟು ದಿನ ಕಾಯಬಹುದು ಎಂದು ಅಲ್ಲಿ ಕೇಳುತ್ತಾರೆ. ಅವಳು ಎಚ್ಚರವಾಗಿ, ಕಣ್ಣು ಕೈಕಾಲು ಸರಿಯಾಗಿದ್ದು, ಗಡ್ಡೆ ಸೌಮ್ಯವೆಂದು ತೋರಿದರೆ ಕಣ್ಣಿಟ್ಟು ಕಾಯುತ್ತಾರೆ, ಹೆರಿಗೆಯಾದ ಮೇಲೆ ತಲೆಯ ಕೆಲಸ. ಕಾಯಲಾಗದಿದ್ದರೆ ನಡುವಿನ ಮೂರು ತಿಂಗಳು ಶಸ್ತ್ರಚಿಕಿತ್ಸೆಗೆ ತಕ್ಕಮಟ್ಟಿಗೆ ಒಳ್ಳೆಯ ಕಾಲ; ಬಸುರು ಹಾಗೆಯೇ ಇರುವಾಗಲೇ ತಲೆಬುರುಡೆ ತೆರೆಸಿ ಗಡ್ಡೆ ತೆಗೆಸಿಕೊಂಡು, ತಿಂಗಳು ತುಂಬಿದ ಮೇಲೆ ಹೆತ್ತವರಿದ್ದಾರೆ. ಕೂಸು ಹೊರಗೆ ಬದುಕಬಲ್ಲಷ್ಟು ಬಲಿತಿದ್ದರೆ ಮೊದಲು ಹೆರಿಗೆ, ಆಮೇಲೆ ತಲೆ. ಪ್ರಾಣಕ್ಕೇ ಬಂದರೆ ಯಾವ ವಾರವೆಂದು ನೋಡದೆ ತಾಯಿಯ ತಲೆಗೇ ಮೊದಲು ಕೈಹಾಕುತ್ತಾರೆ, ಏಕೆಂದರೆ ಅವಳ ಉಸಿರೇ ಕೂಸಿನ ಉಸಿರು.

ಇಲ್ಲಿ ಒಂದು ಔಷಧದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಗಡ್ಡೆಯ ಸುತ್ತ ಮಿದುಳು ಊದಿಕೊಂಡಾಗ ಊತ ಇಳಿಸಲು ಕೊಡುವುದು ಡೆಕ್ಸಾಮೆಥಾಸೋನ್. 1960ರ ದಶಕದ ಆರಂಭದಲ್ಲಿ ಅದು ಮಿದುಳಿನ ಶಸ್ತ್ರಚಿಕಿತ್ಸೆಯ ಚಿತ್ರವನ್ನೇ ಬದಲಿಸಿತು. ಇತ್ತ ನ್ಯೂಜಿಲೆಂಡಿನಲ್ಲಿ ಗ್ರಹಾಂ ಲಿಗ್ಗಿನ್ಸ್ ಎಂಬ ಹೆರಿಗೆ ವೈದ್ಯ ಕುರಿಗಳ ಮೇಲೆ ಬೇರೇನನ್ನೋ ಹುಡುಕುತ್ತಿದ್ದಾಗ, ಗರ್ಭದಲ್ಲಿದ್ದಾಗಲೇ ಇದೇ ಜಾತಿಯ ಔಷಧ ಪಡೆದ ಅವಧಿಪೂರ್ವ ಕುರಿಮರಿಗಳು ಉಸಿರಾಡುವುದನ್ನು ಕಂಡ. 1972ರಲ್ಲಿ ಆತ ಮತ್ತು ರಾಸ್ ಹೋವಿ, ಬೇಗ ಹೆರಿಗೆಯಾಗಲಿರುವ ತಾಯಂದಿರಿಗೆ ಇದರ ಒಡಹುಟ್ಟಾದ ಬೀಟಾಮೆಥಾಸೋನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ತೋರಿಸಿದರು. ಇಂದು ನಮ್ಮ ದೇಶದಲ್ಲಿ 24ರಿಂದ 34 ವಾರದೊಳಗೆ ಹೆರಿಗೆ ನೋವು ಕಾಣಿಸಿಕೊಂಡವಳಿಗೆ ಅಗ್ಗದ ಡೆಕ್ಸಾಮೆಥಾಸೋನನ್ನೇ ಕೊಡುತ್ತಾರೆ. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಸೂಜಿಯನ್ನು ಹಳ್ಳಿಯ ಎಎನ್‌ಎಂ ಸಿಸ್ಟರೇ ಹಾಕಬಹುದೆಂದು 2014ರಲ್ಲಿ ಕೇಂದ್ರ ಸರ್ಕಾರವೇ ನಿಯಮ ಮಾಡಿದೆ. ತಾಯಿಯ ಮಿದುಳಿನ ಊತ ಇಳಿಸುವ ಮದ್ದೇ ಕೂಸಿಗೆ ಉಸಿರು ಕಲಿಸುತ್ತದೆ. ಎಷ್ಟು, ಎಷ್ಟು ದಿನ ಎಂಬ ಎಚ್ಚರ ವೈದ್ಯರದು. ಆದರೆ ತಾಯಿಗೆ ಕೊಟ್ಟದ್ದೆಲ್ಲ ಕೂಸಿನಿಂದ ಕಸಿದದ್ದು, ಕೂಸಿಗೆ ಉಳಿಸಿದ್ದೆಲ್ಲ ತಾಯಿಯಿಂದ ಕಿತ್ತದ್ದು ಎಂದು ನಂಬಿದ ನಮ್ಮ ತಕ್ಕಡಿಗೆ ಈ ಸಣ್ಣ ಬಾಟಲಿ ಏನು ಹೇಳುತ್ತದೆ?

ಫಿಟ್ಸಿನ ಮಾತ್ರೆಗಳ ವಿಷಯವೂ ಹಾಗೆಯೇ. ವ್ಯಾಲ್ಪ್ರೊಯೇಟ್‌ನಂಥ ಮಾತ್ರೆ ಕೂಸಿಗೆ ಕೆಟ್ಟದ್ದು, ನಿಜ. ಅದನ್ನು ಬದಲಿಸಿ ಬೇರೆ ಮಾತ್ರೆ ಕೊಡುತ್ತಾರೆ. ಆದರೆ ಕೂಸಿಗೆ ತೊಂದರೆಯಾದೀತೆಂದು ತಾನೇ ಮಾತ್ರೆ ಬಿಟ್ಟ ತಾಯಿಗೆ ಫಿಟ್ಸ್ ಬಂದಾಗ ಪ್ರಾಣವಾಯು ಕಡಿಮೆಯಾಗುವುದು ಇಬ್ಬರಿಗೂ. ಅವಳನ್ನು ಹಾಗೆ ಬಿಡಲು ಹಚ್ಚುವುದು ನಮ್ಮ ಮಾತುಗಳೇ ಅಲ್ಲವೇ? ಒಳ್ಳೆಯ ತಾಯಿ ತನ್ನ ನೋವು ನುಂಗುತ್ತಾಳೆ, ಮಾತ್ರೆ ನುಂಗುವುದಿಲ್ಲ ಎಂದು ನಾವು ಅವಳಿಗೆ ಎಷ್ಟು ಬಗೆಯಲ್ಲಿ ಕಲಿಸಿಲ್ಲ!

ಇನ್ನು ಅವಳಿಂದ ಮುಚ್ಚಿಡುವ ಮಾತಿಗೆ ಬರುತ್ತೇನೆ. ವರದಿ ಕೈಗೆ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಆಗುವ ತೀರ್ಮಾನ, ಅವಳಿಗೆ ಹೇಳುವುದು ಬೇಡ ಎಂಬುದು. ಗಂಡ, ಮಾವ, ತವರಿನ ಅಣ್ಣ ವರಾಂಡದಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಾರೆ. ಒಳಗೆ ಅವಳಿಗೆ "ಬರೇ ಅಶಕ್ತತನ ಅಂತ" ಎನ್ನುತ್ತಾರೆ. ಅವಳು ನಂಬುತ್ತಾಳೆಯೇ? 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಕೆರೆಗೆ ನೀರು ಬರಲೆಂದು ಕಿರಿಸೊಸೆಯನ್ನು ಕೊಡಬೇಕೆಂದು ಹಿರಿಯರು ಗೊತ್ತುಮಾಡಿದಾಗ ಅವಳನ್ನು ಯಾರೂ ಕೇಳಲಿಲ್ಲ, ಅವಳಿಗೆ ಯಾರೂ ಹೇಳಲೂ ಇಲ್ಲ. ಅವಳಾಗಿಯೇ ತಿಳಿದುಕೊಂಡಳು, ತವರಿಗೆ ಹೋದಳು, ಹೆತ್ತವರ ಮುಂದೆ ಬಾಯಿ ಬಿಡಲಾಗದೆ ಗೆಳತಿಯೊಬ್ಬಳ ಮುಂದೆ ಮಾತ್ರ ಹೇಳಿಕೊಂಡಳು. ಆ ಕಥೆಯನ್ನು ತ್ಯಾಗದ ಕಥೆಯೆಂದು ಪಾಠ ಹೇಳಿದ್ದುಂಟು. ನನಗಂತೂ ಅದರಲ್ಲಿ ಕಾಣುವ ದೊಡ್ಡ ಸಂಕಟ ಅವಳ ಸಾವಿಗಿಂತ ಅವಳ ಒಂಟಿತನ: ತನ್ನ ಬಗ್ಗೆ ಎಲ್ಲರಿಗೂ ಗೊತ್ತಿರುವುದು ತನಗೂ ಗೊತ್ತಿದ್ದು, ಗೊತ್ತಿಲ್ಲದವಳಂತೆ ಬುತ್ತಿ ಹೊತ್ತು ನಡೆಯಬೇಕಾದ ಸ್ಥಿತಿ. ಕಾಯಿಲೆಯ ಸುದ್ದಿಯನ್ನು ಪ್ರೀತಿಯಿಂದಲೇ ಮುಚ್ಚಿಟ್ಟ ಎಷ್ಟು ಮನೆಗಳಲ್ಲಿ ಇಂಥ ಮೌನದ ಬುತ್ತಿ ಹೊತ್ತವರಿಲ್ಲ?

ತ್ಯಾಗವನ್ನು ನಾನು ಹೀಗಳೆಯುತ್ತಿಲ್ಲ. ಇಟಲಿಯ ಮಕ್ಕಳ ವೈದ್ಯೆ ಜಾನ್ನಾ ಬೆರೆತ್ತಾ ಮೊಲ್ಲಾ 1961ರಲ್ಲಿ ಬಸುರಿಯಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡುಬಂತು. ಅಪಾಯ ತಿಳಿದೇ ಆಕೆ ಗಡ್ಡೆಯನ್ನಷ್ಟೇ ತೆಗೆಸಿಕೊಂಡು ಬಸುರನ್ನು ಉಳಿಸಿಕೊಂಡಳು, 1962ರ ಏಪ್ರಿಲಿನಲ್ಲಿ ಹೆಣ್ಣುಮಗುವನ್ನು ಹೆತ್ತು ಒಂದು ವಾರಕ್ಕೆ ತೀರಿಕೊಂಡಳು. 2004ರಲ್ಲಿ ಚರ್ಚು ಆಕೆಯನ್ನು ಸಂತಳೆಂದು ಸಾರಿತು. ಆಕೆಗೆ ವೈದ್ಯಶಾಸ್ತ್ರ ಗೊತ್ತಿತ್ತು, ತೀರ್ಮಾನ ಆಕೆಯದಾಗಿತ್ತು. ನಮಸ್ಕರಿಸೋಣ. ಆದರೆ ಇದರ ಪಕ್ಕದಲ್ಲಿ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಅವರನ್ನೂ ನೆನೆಯಬೇಕು. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರದ ಬಸುರು ಉಳಿಯುವುದಿಲ್ಲವೆಂದು ಖಚಿತವಾದ ಮೇಲೂ, ಅದನ್ನು ಮುಗಿಸಿಕೊಡಿ ಎಂದು ಸವಿತಾ ಕೇಳಿಕೊಂಡರು; ಭ್ರೂಣದ ಎದೆಬಡಿತ ಇರುವವರೆಗೆ ಆಗದೆಂದರು ಆಸ್ಪತ್ರೆಯವರು. 28ರಂದು ರಕ್ತಕ್ಕೆ ನಂಜೇರಿ ಅವರು ತೀರಿಕೊಂಡರು, ವಯಸ್ಸು 31. ಆ ಸಾವಿನ ನೆನಪು ಆ ದೇಶವನ್ನು ಬಿಡಲಿಲ್ಲ. 2018ರ ಮೇ 25ರಂದು ಜನ ಮತ ಹಾಕಿ, ಗರ್ಭಪಾತಕ್ಕೆ ಅಡ್ಡವಾಗಿದ್ದ ತಮ್ಮ ಸಂವಿಧಾನದ ವಿಧಿಯನ್ನೇ ತೆಗೆದುಹಾಕಿದರು. ಒಬ್ಬಳು ಪ್ರಾಣ ಕೊಟ್ಟಳು, ಇನ್ನೊಬ್ಬಳಿಂದ ತೆಗೆದುಕೊಂಡರು. ಹೊರಗೆ ನಿಂತು ನೋಡುವವರಿಗೆ ಎರಡೂ ತಾಯ್ತನದ ಸಾವೇ.

ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ರೂಢಿಗಿಂತ ಮುಂದಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಅವಳ ಪ್ರಾಣ ಉಳಿಸಲು ತಕ್ಷಣ ಅಗತ್ಯವೆಂದಾದರೆ ವಾರಗಳ ಮಿತಿಯೂ ಅಡ್ಡಬರುವುದಿಲ್ಲ. ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶವನ್ನು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ, ಒಪ್ಪಿಗೆ ರೋಗಿಯದೇ ಆಗಿರಬೇಕೆಂದು. ಹಾಗಿದ್ದರೂ ಕಾಗದ ಹೋಗುವುದು ಗಂಡನ ಕೈಗೆ. ಅವನ ಪಾಡೂ ಕಡಿಮೆಯದಲ್ಲ. ಬೀಜದ ಅಂಗಡಿಯ ಸಾಲ, ಕೈಕೊಟ್ಟ ಮಳೆಯ ಚಿಂತೆಯಲ್ಲಿ ಊರು ಬಿಟ್ಟು ಬಂದವನ ಮುಂದೆ ಇಂಗ್ಲಿಷಿನ ಹಾಳೆಯೊಂದನ್ನು ಹಿಡಿದು "ಲಗೂನ ಸಹಿ ಮಾಡ್ರಿ" ಎಂದರೆ, ಎರಡು ಪ್ರಾಣಗಳ ಭಾರವನ್ನು ಒಂದು ಪೆನ್ನಿಗೆ ಹೊರಿಸಿದಂತೆ. ಹೆಂಡತಿಯನ್ನೇ ಕೇಳಿದ್ದರೆ ಅವನ ಹೆಗಲೂ ಹಗುರಾಗುತ್ತಿತ್ತು.

ಅವಳನ್ನು ಕೇಳದೆ, ಅವಳಿಗೆ ಹೇಳದೆ ಇದ್ದುದರ ಅಪಾಯ ಬರೀ ನೈತಿಕವಾದದ್ದೂ ಅಲ್ಲ. ತಲೆಯೊಳಗೆ ಒತ್ತಡ ಹೆಚ್ಚಿರುವವಳು ಹೆರಿಗೆಯಲ್ಲಿ ಮುಕ್ಕಿದರೆ ಆ ಒತ್ತಡ ಇನ್ನೂ ಏರುತ್ತದೆ. ಸಿಸೇರಿಯನ್ ಎಂದರೆ ನಮ್ಮಲ್ಲಿ ಸೊಂಟಕ್ಕೆ ಸೂಜಿ ಕೊಡುವುದು ವಾಡಿಕೆ, ಆದರೆ ಅಂಥವಳಿಗೆ ಅದೇ ಸೂಜಿ ಪ್ರಾಣಾಂತಿಕವಾಗಬಹುದು. ಪೂರ್ತಿ ಅರಿವಳಿಕೆಯ ದಾರಿ ಹಿಡಿಯಬೇಕಾಗುತ್ತದೆ. ನಡುರಾತ್ರಿ ತವರೂರಿನಲ್ಲಿ ನೋವು ಕಾಣಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದಾಗ ಇದನ್ನು ಹೇಳಬಲ್ಲವರು ಯಾರು? ಗಂಡ ರಾಣೆಬೆನ್ನೂರಿನಲ್ಲಿ, ಫೈಲು ಅವನ ಕಪಾಟಿನಲ್ಲಿ. ಅವಳಿಗೆ ತನ್ನ ತಲೆಯೊಳಗೆ ಏನಿದೆಯೆಂದು ಯಾರೂ ಹೇಳಿಯೇ ಇಲ್ಲ.

ಎಲ್ಲ ದಾಟಿ, ತಾಯಿ ಮಗು ಇಬ್ಬರೂ ಕ್ಷೇಮ ಎಂಬ ಸುದ್ದಿ ಬಂದಿತೆನ್ನಿ. ಅಲ್ಲಿಂದ ಮನೆಯ ಕಣ್ಣೆಲ್ಲ ತೊಟ್ಟಿಲ ಮೇಲೆ. ಅಂಟಿನುಂಡಿ, ಎಣ್ಣೆನೀರು, ತಲೆಗೆ ಸ್ಕಾರ್ಫು, ಮಂಚದಡಿಯ ಬೆಂಕಿ, ಬಾಣಂತನದ ಆರೈಕೆಗೆ ಕೊರತೆಯಿಲ್ಲ. (ನೀರು ಮಾತ್ರ ಕಡಿಮೆ ಕುಡಿಸುವ ಮನೆಗಳು ಇನ್ನೂ ಇವೆ, ಬಾಣಂತಿಯ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಲು ಅದೂ ಒಂದು ದಾರಿಯೆಂದು ವೈದ್ಯರು ಎಷ್ಟು ಹೇಳಿದರೂ ಸಾಲದು.) ಹೆರಿಗೆಯ ನಂತರ ಹಾರ್ಮೋನು ಇಳಿದು ಕೆಲವರ ತಲೆನೋವು ತಾನಾಗಿ ತಗ್ಗುತ್ತದೆ, ಗಡ್ಡೆ ಹೋಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಬಾಣಂತಿಯನ್ನು ಹೊರಗೆ ಕಳಿಸಬಾರದೆಂದು ಹುಬ್ಬಳ್ಳಿಯ ತಾರೀಖು ತಪ್ಪುತ್ತದೆ, ಆಮೇಲೆ ಬಿತ್ತನೆಯೆಂದು ತಪ್ಪುತ್ತದೆ. ತಪ್ಪದೆ ಬರುವುದು ಎರಡನೆಯ ಕೂಸಿನ ಮಾತು, ಮೊದಲನೆಯದು ಹೆಣ್ಣಾಗಿದ್ದರಂತೂ ಇನ್ನೂ ಬೇಗ. ಮುಂದಿನ ಬಸುರಿನಲ್ಲಿ ಅದೇ ಗಡ್ಡೆ, ಅಥವಾ ಅದರ ಉಳಿದ ತುಣುಕು, ಮತ್ತೆ ಊದಿಕೊಳ್ಳಬಹುದೆಂದು ಆ ಮಾತಿನ ನಡುವೆ ಹೇಳಬೇಕಾದವಳಿಗೆ ಅದು ತಿಳಿದಿರಬೇಕಷ್ಟೆ.

ಆಸ್ಪತ್ರೆಯಿಂದ ಕಳಿಸುವಾಗ ಕೊಡುವ ಕಾಗದವನ್ನು ಅವಳ ಕೈಗೇ ಕೊಡಲು, ಅದರ ಜೊತೆ ಒಂದು ಪುಟವನ್ನು ಕನ್ನಡದಲ್ಲಿ ಬರೆದುಕೊಡಲು ಯಾವ ಯಂತ್ರವೂ ಅನುದಾನವೂ ಬೇಕಾಗಿಲ್ಲ: ಗಡ್ಡೆ ಎಲ್ಲಿದೆ, ಯಾವ ಜಾತಿಯದು, ಯಾವ ಮಾತ್ರೆ ಬಿಡಬಾರದು, ಮುಂದಿನ ಸ್ಕ್ಯಾನ್ ಯಾವಾಗ, ಇನ್ನೊಂದು ಬಸುರಿಗೆ ಮುಂಚೆ ಯಾರನ್ನು ಕಾಣಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೂಲಿಯ ಲೆಕ್ಕವನ್ನು ತಾನೇ ಓದಿ, ತಪ್ಪಿದ್ದರೆ ತಿರುಗಿ ಕೇಳುವ ಹೆಣ್ಣುಮಗಳು ಈ ಐದು ಸಾಲನ್ನು ಓದಿಕೊಳ್ಳಲಾರಳೇ?